ಕುಕ್ಕರ್ ಕೂಗಿದರೆ ಭಯವಿಲ್ಲ, ಕೂಗುವ ಮೊದಲಿನ ಬುಸ್ ಕೇಳಿದರೆ ಭಯ. ಇದು ಯಾಕೆ ಹೋಗುತ್ತಿಲ್ಲ?

8.07ರ ಸ್ಲೋ ಲೋಕಲ್:

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ತವರು ಧಾರವಾಡ, ಮದುವೆಯಾಗಿ ಇಲ್ಲಿಗೆ ಬಂದು 19 ವರ್ಷ ಆಯಿತು. ನನ್ನ ಪ್ರಶ್ನೆ ಸ್ವಲ್ಪ ತಮಾಷೆ ಅನಿಸಬಹುದು. ನಗೋರು ನಗಿ, ನಕ್ಕ ಮೇಲೆ ಉತ್ತರ ಮಾತ್ರ ಕೊಡಿ.

ಹೋದ ಶ್ರಾವಣದಲ್ಲಿ ನಮ್ಮನೆ ಕುಕ್ಕರ್ ಸಿಡಿಯಿತು. ಮುಚ್ಚಳ ಹಾರಲಿಲ್ಲ, ಪುಣ್ಯ. ಸೇಫ್ಟಿ ವಾಲ್ವ್ ಹಾರಿ ಹೋಯಿತು. ತೊಗರಿಬೇಳೆ ಇಟ್ಟಿದ್ದೆ, ನೆಂಟರು ಬರೋರಿದ್ದರು ಅಂತ ಜಾಸ್ತಿನೇ ತುಂಬಿದ್ದೆ. ವೇಟ್ ಕೂರುವ ನಳಿಗೆಯಲ್ಲಿ ಬೇಳೆ ಸಿಕ್ಕಿಕೊಂಡಿತ್ತು, ಅದು ಗೊತ್ತಾಗಿದ್ದು ಆಮೇಲೆ. ಕುಕ್ಕರ್ ಕೂಗಲೇ ಇಲ್ಲ. ಗ್ಯಾಸ್ಕೆಟ್ ಪಕ್ಕದಿಂದ ಬುಸ್ ಅಂತ ಒಂದೇ ಸಮ ಹಬೆ. ನಾನು ಮೆಂತ್ಯಸೊಪ್ಪು ಬಿಡಿಸುತ್ತಾ, ಈಗ ಕೂಗುತ್ತದೆ, ಇನ್ನೇನು ಕೂಗುತ್ತದೆ ಅಂತ ಕಾಯುತ್ತಾ ಇದ್ದೆ. ಆಮೇಲೆ ಢಂ ಅಂತು. ಬೇಳೆ ನೆಟ್ಟಗೆ ಸೀಲಿಂಗಿಗೆ ಹೊಡೆದು, ಟ್ಯೂಬ್‌ಲೈಟಿನ ಮೇಲೆ, ಕ್ಯಾಲೆಂಡರಿನ ಮೇಲೆ, ನನ್ನ ಎಡಗೈ ಮೇಲೆ. ಎಂಟಾಣೆಯಷ್ಟು ಕಲೆ ಇನ್ನೂ ಇದೆ.

ಹೊಸ ಕುಕ್ಕರ್ ತಂದೆವು. ಅದರಲ್ಲಿ ಏನೂ ದೋಷ ಇಲ್ಲ. ಆದರೆ ಅದು ಬುಸ್ ಅನ್ನಲು ಶುರು ಮಾಡಿದ ತಕ್ಷಣ ಹೊಟ್ಟೆ ಹಿಂಡುತ್ತದೆ, ಅಂಗೈ ಬೆವರುತ್ತದೆ, ಭುಜ ಕಿವಿ ತನಕ ಏರುತ್ತದೆ. ವಿಚಿತ್ರ ಅಂದರೆ, ಒಂದು ಸಲ ಕೂಗಿತು ಅಂದರೆ ಎಲ್ಲಾ ಸರಿ. ಜೀವ ಬಂದ ಹಾಗಾಗುತ್ತದೆ. ಎಲ್ಲರೂ ಕುಕ್ಕರ್ ಕೂಗಿಗೆ ಬೆಚ್ಚಿದರೆ ನಾನು ಅದು ಕೂಗದಿದ್ದರೆ ಬೆಚ್ಚುತ್ತೇನೆ.

ಮೊದಲ ಎರಡು ಮೂರು ತಿಂಗಳು ಗ್ಯಾಸ್ ಹಚ್ಚಿ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದೆ, ಮಗಳು ಬಂದು ಆಫ್ ಮಾಡುತ್ತಿದ್ದಳು. ದೀಪಾವಳಿ ಆದ ಮೇಲೆ ನನಗೇ ನಾಚಿಕೆಯಾಗಿ, ಅಡುಗೆಮನೆಯಲ್ಲೇ ನಿಲ್ಲಲು ಶುರು ಮಾಡಿದೆ. ಕೈಯಲ್ಲಿ ಹಿಟ್ಟು ಕಲಸೋ ಪರಾತ ಹಿಡಿದು, ಗುರಾಣಿ ಥರ. ನಮ್ಮ ಯಜಮಾನರು ಝಾನ್ಸಿ ರಾಣಿ ಅಂತಿದ್ದರು. ಹಾಗೆ ನಿಂತೂ ನಿಂತೂ ಸಂಕ್ರಾಂತಿ ಹೊತ್ತಿಗೆ ಭಯ ಪೂರ್ತಿ ಹೋಯಿತು ಅಂದುಕೊಂಡೆ. ಮಾರ್ಚಿನಲ್ಲಿ ಪುಣೆಗೆ ತಂಗಿ ಮನೆಗೆ ಹೋದೆ. ಅವಳು ಅನ್ನಕ್ಕಿಟ್ಟಿದ್ದಳು. ಅದು ಬುಸ್ ಅಂತು, ನಾನು ಚಹಾ ಲೋಟ ಕೆಳಗೆ ಬಿಟ್ಟೆ. ಮೊದಲನೇ ದಿನದ ಹಾಗೇ ಭಯ. ಬಿಟ್ಟು ಹೋಗಿದ್ದು ಎಲ್ಲಿಂದ ಬಂತು? ಇನ್ನೊಂದು, ಪ್ಲಾಟ್‌ಫಾರ್ಮಿಗೆ ಲೋಕಲ್ ಬಂದು ನಿಂತಾಗ ಡಬ್ಬಿ ಕೆಳಗಿಂದ ಗಾಳಿ ಸೊಂಯ್ ಅಂತ ಬಿಡುತ್ತದಲ್ಲ, ಅದಕ್ಕೂ ಈಗ ಭುಜ ಏರುತ್ತಿದೆ. ದಿನಕ್ಕೆ ಎರಡು ಸಲ ಟ್ರೇನಿಗೆ ಹೆದರಿಕೊಂಡು ಮುಂಬೈಯಲ್ಲಿ ಬದುಕೋದು ಹೇಗೆ ಹೇಳಿ?

ಚುರುಮುರಿ:

ರೈಸ್ ಕುಕ್ಕರ್ ತಗೊಳ್ಳಿ ಅಕ್ಕ. ಬುಸ್ ಇಲ್ಲ, ಢಂ ಇಲ್ಲ, ಟಿಕ್ ಅಂತ ಒಂದು ಸದ್ದು ಅಷ್ಟೇ. ಪ್ರಶ್ನೆ ಮುಗೀತು.

8.07ರ ಸ್ಲೋ ಲೋಕಲ್:

ಅನ್ನಕ್ಕೆ ಸರಿ ತಮ್ಮ, ಬೇಳೆ ಯಾರು ಬೇಯಿಸ್ತಾರೆ? ಕಡಲೆಕಾಳು? ಮತ್ತೆ ಲೋಕಲ್ ಟ್ರೇನಿನ ಬದಲು ಏನು ತಗೊಳ್ಳಲಿ?

ಮಾಟುಂಗಾ ಗಲ್ಲಾ:

ಮನಸ್ಸಿನ ವಿಷಯ ತಿಳಿದವರು ಹೇಳುತ್ತಾರೆ, ನಾನು ಪಾತ್ರೆ ವಿಷಯ ಹೇಳುತ್ತೇನೆ. 30 ವರ್ಷದಿಂದ ಹೋಟೆಲ್ ಲೈನಿನಲ್ಲಿ ಇದ್ದೇನೆ, ತಟ್ಟೆ ತೊಳೆಯೋದರಿಂದ ಶುರು ಮಾಡಿ ಈಗ ಗಲ್ಲಾದಲ್ಲಿ ಕೂತಿದ್ದೇನೆ. ಅಕ್ಕ, ನಿಮ್ಮ ಭಯ ಪೂರ್ತಿ ಸುಳ್ಳಲ್ಲ. ಬುಸ್ ಅಂತಾ ಇದೆ, ತುಂಬಾ ಹೊತ್ತಾದರೂ ಕೂಗುತ್ತಿಲ್ಲ ಅಂದರೆ ಅದು ನಿಜವಾಗಲೂ ಅಪಾಯದ ಗುರುತೇ. ಗ್ಯಾಸ್ ಆಫ್ ಮಾಡಬೇಕು, ಮುಟ್ಟಬಾರದು, ತಾನಾಗಿ ತಣ್ಣಗಾಗಲಿಕ್ಕೆ ಬಿಡಬೇಕು. ಇನ್ನು ದಿನಾ ಮುಚ್ಚಳ ಹಾಕುವ ಮೊದಲು ಅದನ್ನು ಬೆಳಕಿಗೆ ಹಿಡಿದು ನಳಿಗೆಯ ತೂತಿನಲ್ಲಿ ನೋಡಿ. ಬೆಳಕು ಕಂಡರೆ ಸರಿ. ಬೇಳೆ ಕಾಳು ನೀರು ಎಲ್ಲ ಸೇರಿ ಅರ್ಧದ ಮೇಲೆ ತುಂಬಬೇಡಿ, ಅವು ಉಬ್ಬುತ್ತವೆ, ನೊರೆ ಬರುತ್ತದೆ. ಗ್ಯಾಸ್ಕೆಟ್ ಗಟ್ಟಿಯಾದರೆ ಬದಲಾಯಿಸಿ. ವಾಲ್ವ್ ಕಂಪನಿಯದೇ ಹಾಕಿ, ಗಲ್ಲಿ ಅಂಗಡಿಯದು ಬೇಡ. ಇಷ್ಟು ಮಾಡಿದ ಮೇಲೂ ಭಯ ಉಳಿದರೆ ಅದು ಕುಕ್ಕರಿನದಲ್ಲ.

ಕೊತ್ರೂಡ್ ಮೇಷ್ಟ್ರು:

ಗಲ್ಲಾದವರು ಹೇಳಿದ್ದು ನೂರಕ್ಕೆ ನೂರು ಸರಿ, ಮೊದಲು ಅದು. ನಾನು ಪುಣೆಯಲ್ಲಿ ಕಾಲೇಜು ಮಕ್ಕಳಿಗೆ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದೆ, ಈಗ ನಿವೃತ್ತಿ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಎಷ್ಟೋ ವರ್ಷ ಇದನ್ನೇ ಪಾಠ ಮಾಡಿದ್ದೇನೆ, ಇಷ್ಟು ಚೆನ್ನಾದ ಉದಾಹರಣೆ ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಬಿ.ಎಡ್. ಮಾಡಿದವರಿಗೆ 'ಶಾಸ್ತ್ರೀಯ ಅನುಬಂಧನ' ಅನ್ನೋ ಮಾತು ನೆನಪಿರಬಹುದು. ರಷ್ಯಾದ ವಿಜ್ಞಾನಿ ಪಾವ್ಲೋವ್, ನಾಯಿ, ಗಂಟೆ, ಜೊಲ್ಲು. ಗಂಟೆ ಬಾರಿಸಿ ಆಹಾರ ಕೊಟ್ಟೂ ಕೊಟ್ಟೂ, ಕೊನೆಗೆ ಬರೀ ಗಂಟೆಗೇ ನಾಯಿ ಜೊಲ್ಲು ಸುರಿಸೋದು. ಪರೀಕ್ಷೆಗೆ ಐದು ಮಾರ್ಕಿನ ಟಿಪ್ಪಣಿ. ಪಾವ್ಲೋವ್ ಮನಶ್ಶಾಸ್ತ್ರದವರೇ ಅಲ್ಲ. ಜೀರ್ಣಕ್ರಿಯೆ ಬಗ್ಗೆ ಕೆಲಸ ಮಾಡಿದವರು, 1904ರ ನೊಬೆಲ್ ಬಂದದ್ದೂ ಅದಕ್ಕೇ. ನಾಯಿ ಬಾಯಿಗೆ ಆಹಾರ ಬಿದ್ದರೆ ಎಷ್ಟು ಜೊಲ್ಲು ಬರುತ್ತದೆ ಅಂತ ಅಳೆಯಲು ಕೂತರೆ, ಆಹಾರ ತರೋನ ಹೆಜ್ಜೆ ಸದ್ದಿಗೇ ಜೊಲ್ಲು ಶುರುವಾಗುತ್ತಿತ್ತು. ಲೆಕ್ಕ ಕೆಡುತ್ತಿತ್ತು. ಆ ಕೆಟ್ಟ ಲೆಕ್ಕದ ಹಿಂದೆ ಬಿದ್ದು ಉಳಿದ ಆಯುಷ್ಯವೆಲ್ಲ ಕಳೆದರು. ಗಂಟೆ ಅಂತ ಎಲ್ಲರೂ ಹೇಳುತ್ತಾರೆ, ಅವರು ಹೆಚ್ಚಾಗಿ ಬಳಸಿದ್ದು ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಹಾಕೋ ಯಂತ್ರ), ಬಜರ್, ದೀಪ, ಮೈಗೆ ಮುಟ್ಟಿಸೋ ಸಾಧನ ಇಂಥವು.

ಈಗ ನಿಮ್ಮ ಅಡುಗೆಮನೆಗೆ ಬರೋಣ. ಢಂ ಅನ್ನೋ ಸದ್ದು, ಬಿಸಿ ಬೇಳೆ, ಕೈ ಸುಟ್ಟಿದ್ದು, ಇದಕ್ಕೆ ಯಾರಿಗಾದರೂ ಮೈ ಬೆಚ್ಚುತ್ತದೆ. ಕಲಿಯಬೇಕಾಗಿಲ್ಲ. ಅದಕ್ಕೆ ಮೊದಲು ಏನಿತ್ತು? ಬುಸ್. ಹಾಗಾಗಿ ಬುಸ್ ಅನ್ನೋದು ಢಂನ ಮುನ್ಸೂಚನೆ ಆಯಿತು. ಕೂಗು? ಆ ದಿನ ಕೂಗೇ ಇರಲಿಲ್ಲ. ಕೂಗಿದ್ದಿದ್ದರೆ ಸಿಡಿಯುತ್ತಿರಲಿಲ್ಲ. ಅಂದರೆ ಕೂಗು ಬಂತು ಅಂದರೆ 'ಇವತ್ತು ಢಂ ಇಲ್ಲ' ಅಂತ ಅರ್ಥ. ನಿಮ್ಮ ಮೈ ಅದನ್ನೂ ಕಲಿತುಕೊಂಡಿದೆ. ಇಂಥ ಅಭಯದ ಗುರುತುಗಳು ಇರುತ್ತವೆ ಅನ್ನೋದನ್ನು ಪಾವ್ಲೋವ್ ಆಗಲೇ ತೋರಿಸಿದ್ದರು. ಒಂದು ಸದ್ದಿಗೆ ಆಹಾರ ಕೊಟ್ಟು, ಅದೇ ಸದ್ದಿನ ಜೊತೆ ಇನ್ನೊಂದು ಸದ್ದು ಸೇರಿದಾಗ ಕೊಡದೇ ಇದ್ದರೆ, ಆ ಎರಡನೇ ಸದ್ದು ಜೊಲ್ಲನ್ನು ತಡೆಯುತ್ತದೆ. ನಿಮ್ಮ ವಿಸಿಲ್ ಭಯವನ್ನು ತಡೆಯುತ್ತದೆ. ಅದೇ ಇದು.

ನಮ್ಮ ಕಾಲದಲ್ಲಿ 'ಎರಡು ಒಟ್ಟಿಗೆ ಬಂದರೆ ಅಂಟಿಕೊಳ್ಳುತ್ತವೆ' ಅಂತ ಕಲಿಸುತ್ತಿದ್ದರು. ಅದು ಅರ್ಧ ಸತ್ಯ. 1968ರಲ್ಲಿ ರಾಬರ್ಟ್ ರೆಸ್ಕೋರ್ಲಾ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಸದ್ದಿನ ಜೊತೆ ಶಾಕ್ ಕೊಟ್ಟರೆ ಇಲಿ ಸದ್ದಿಗೆ ಹೆದರುತ್ತದೆ, ಸರಿ. ಆದರೆ ಸದ್ದು ಇಲ್ಲದಾಗಲೂ ಅಷ್ಟೇ ಶಾಕ್ ಕೊಟ್ಟರೆ? ಆಗ ಸದ್ದಿಗೆ ಹೆದರೋದೇ ಇಲ್ಲ. ಎರಡೂ ಮೊದಲಿನಷ್ಟೇ ಸಲ ಒಟ್ಟಿಗೆ ಬಂದಿವೆ, ಆದರೂ ಇಲ್ಲ. ಯಾಕೆಂದರೆ ಆ ಸದ್ದು ಹೊಸದೇನನ್ನೂ ಹೇಳುತ್ತಿಲ್ಲ. ಇಲಿಗೆ ಬೇಕಾಗಿರೋದು ಸುದ್ದಿ. ನಿಮಗೂ ಅಷ್ಟೇ. ಆ ದಿನ ಅಡುಗೆಮನೆಯಲ್ಲಿ ಮೆಂತ್ಯಸೊಪ್ಪೂ ಇತ್ತು, ಅದಕ್ಕೆ ನೀವು ಹೆದರುತ್ತಿಲ್ಲ ಅಲ್ವಾ?

ಲೋಕಲ್ ಗಾಳಿ ಬಿಡೋ ಸದ್ದಿಗೆ ಭುಜ ಏರೋದು, ಹೋಲಿಕೆಯಿಂದ. ಕಲಿತ ಭಯ ತನ್ನ ಥರದ್ದಕ್ಕೆಲ್ಲ ಹರಡುತ್ತದೆ, ಹೋಲಿಕೆ ಕಮ್ಮಿಯಾದ ಹಾಗೆ ಭಯವೂ ಕಮ್ಮಿ. ಟ್ರೇನ್ ಹಾರ್ನಿಗೆ ನಿಮಗೇನೂ ಆಗಿರಲಿಕ್ಕಿಲ್ಲ.

ಇನ್ನು ಹೋದ ಭಯ ಎಲ್ಲಿಂದ ಬಂತು ಅಂದಿರಿ. ಅದು ಹೋಗಿರಲೇ ಇಲ್ಲ. ಪಾವ್ಲೋವ್ ನಾಯಿಗೆ ಮೆಟ್ರೊನೋಮ್ ಕೇಳಿಸಿ ಕೇಳಿಸಿ ಆಹಾರ ಕೊಡದೇ ಇದ್ದಾಗ ಜೊಲ್ಲು ಕಮ್ಮಿಯಾಗುತ್ತಾ ಹೋಗಿ ನಿಂತೇ ಬಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿಸಿದರೆ ಜೊಲ್ಲು ಹಾಜರ್. ಹಳೆಯದು ಅಳಿಸಿ ಹೋಗಿದ್ದರೆ ಹಾಗೆ ಬರೋಕೆ ಸಾಧ್ಯವೇ ಇಲ್ಲ. ಹಳೇ ಪಾಠದ ಮೇಲೆ ಹೊಸ ಪಾಠ ಬರೆದಿರುತ್ತದೆ, 'ಬುಸ್ ಅಂದರೆ ಏನೂ ಆಗಲ್ಲ' ಅಂತ. ಎರಡೂ ಒಳಗೆ ಇರುತ್ತವೆ. ಯಾವುದು ಮೇಲೆ ಬರುತ್ತದೆ ಅನ್ನೋದು ನೀವು ಎಲ್ಲಿದ್ದೀರಿ ಅನ್ನೋದರ ಮೇಲೆ ನಿಂತಿದೆ. 1970ರ ದಶಕದ ಕೊನೆಯಿಂದ ಮಾರ್ಕ್ ಬೌಟನ್ ಅನ್ನೋರು ಇದನ್ನು ಬಿಡಿಸಿ ಬಿಡಿಸಿ ತೋರಿಸಿದ್ದಾರೆ. ಇಲಿ ಒಂದು ಪೆಟ್ಟಿಗೆಯಲ್ಲಿ ಭಯ ಕಲಿಯಿತು, ಬೇರೆ ಥರದ ಇನ್ನೊಂದು ಪೆಟ್ಟಿಗೆಯಲ್ಲಿ ಆ ಭಯ ಬಿಟ್ಟಿತು. ಮತ್ತೆ ಮೊದಲಿನ ಪೆಟ್ಟಿಗೆಗೆ ಹಾಕಿದರೆ ಭಯ ವಾಪಸ್. ಎರಡೂ ಅಲ್ಲದ ಮೂರನೇ ಪೆಟ್ಟಿಗೆಗೆ ಹಾಕಿದರೂ ವಾಪಸ್ ಬರುತ್ತದೆ. ಭಯ ಊರೂರು ಸುತ್ತುತ್ತದೆ, ಧೈರ್ಯ ಮಾತ್ರ ಕಲಿತ ಮನೆ ಬಿಟ್ಟು ಹೊರಡೋದಿಲ್ಲ. ನಿಮ್ಮ ತಂಗಿ ಮನೆ ನಿಮಗೆ ಅಂಥ ಹೊಸ ಪೆಟ್ಟಿಗೆ.

ಇನ್ನೊಂದು ಅನುಮಾನ ನನಗೆ. ಸಂಕ್ರಾಂತಿ ಹೊತ್ತಿಗೆ ನೀವು ಕಲಿತದ್ದು 'ಬುಸ್‌ನಿಂದ ಏನೂ ಆಗಲ್ಲ' ಅಂತಲೋ, 'ಪರಾತ ಕೈಯಲ್ಲಿದ್ದರೆ ಏನೂ ಆಗಲ್ಲ' ಅಂತಲೋ? ತಂಗಿ ಮನೆಯಲ್ಲಿ ಕೈಯಲ್ಲಿದ್ದದ್ದು ಚಹಾ ಲೋಟ.

8.07ರ ಸ್ಲೋ ಲೋಕಲ್:

ಅಯ್ಯೋ ಮೇಷ್ಟ್ರೇ. ಪರಾತದ ವಿಷಯ ಓದಿ ಒಂದು ನಿಮಿಷ ಹಾಗೇ ಕೂತೆ. ಮನೆಯಲ್ಲಿ ಓದಿ ಹೇಳಿದೆ, ಯಜಮಾನರು ನಕ್ಕೂ ನಕ್ಕೂ ಸಾಕಾದರು. ಟ್ರೇನ್ ಹಾರ್ನಿಗೆ ಏನೂ ಆಗಲ್ಲ, ನಿಜ.

ವಾಸ್ಕೋದ ಮರುವಾಯಿ:

ಮಾರಾಯ್ರೇ, ಇದನ್ನು ಓದಿದ ಮೇಲೆ ನನ್ನದೂ ಒಂದು ಹೇಳದೆ ಇರಲಿಕ್ಕೆ ಆಗುತ್ತಿಲ್ಲ. ನಾನು ಉಡುಪಿ ಕಡೆಯವನು, ವಾಸ್ಕೋದಲ್ಲಿ ಬಂದರಿನ ಕೆಲಸ. ಮರುವಾಯಿ (ಚಿಪ್ಪಿನ ಮೀನು) ಅಂದರೆ ನನಗೆ ಪ್ರಾಣ, ಇಲ್ಲಿ ಗೋವಾದವರು ತಿಸ್ರ್ಯೋ ಅನ್ನುತ್ತಾರೆ. ಮೂರು ವರ್ಷದ ಹಿಂದೆ ಒಂದು ಭಾನುವಾರ ನಾವು ಆರು ಜನ ಕೂತು ತೆಂಗಿನಕಾಯಿ ಹಾಕಿದ ಮರುವಾಯಿ ಸುಕ್ಕ ಹೊಡೆದೆವು. ರಾತ್ರಿ ಹನ್ನೊಂದಕ್ಕೆ ನನಗೊಬ್ಬನಿಗೆ ವಾಂತಿ, ಜ್ವರ. ಉಳಿದ ಐದು ಜನ ಗುಂಡುಕಲ್ಲಿನ ಹಾಗಿದ್ದರು. ಮರುದಿನ ಡಾಕ್ಟರು ನೋಡಿ ಇದು ವೈರಲ್ ಜ್ವರ, ಊಟದ್ದಲ್ಲ ಅಂದರು. ನಮ್ಮ ಬಿಲ್ಡಿಂಗಿನಲ್ಲಿ ಆ ವಾರ ಇನ್ನೂ ನಾಲ್ಕು ಮಂದಿಗೆ ಅದೇ ಜ್ವರ, ಅವರು ಶುದ್ಧ ಸಸ್ಯಾಹಾರಿಗಳು. ಅಂದರೆ ಮರುವಾಯಿಯ ತಪ್ಪು ಏನೂ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಇವತ್ತಿನ ತನಕ ಆ ಸುಕ್ಕದ ವಾಸನೆ ಬಂದರೆ ಗಂಟಲಲ್ಲಿ ನೀರು ಬರುತ್ತದೆ. ಹೆಸರು ಮಾತ್ರ ಉಳಿಸಿಕೊಂಡಿದ್ದೇನೆ, ನೋಡಿದಿರಲ್ಲ.

ನನ್ನ ಪ್ರಶ್ನೆ: ಅಕ್ಕನದು ಬುಸ್ ಆಗಿ ಕೂಡಲೇ ಢಂ. ನನ್ನದು ಮಧ್ಯಾಹ್ನ ಒಂದಕ್ಕೆ ಊಟ, ರಾತ್ರಿ ಹನ್ನೊಂದಕ್ಕೆ ವಾಂತಿ. ನಡುವೆ ಹತ್ತು ಗಂಟೆ. ಅಷ್ಟರಲ್ಲಿ ಚಹಾ ಕುಡಿದಿದ್ದೇನೆ, ಬೋಗ್ಮಾಳೊ ಬೀಚಿಗೆ ಹೋಗಿದ್ದೇನೆ, ಟಿವಿ ನೋಡಿದ್ದೇನೆ. ಬೀಚಿನ ಮೇಲೆ ಯಾಕೆ ಹೇಸಿಗೆ ಬರಲಿಲ್ಲ?

ಕೊತ್ರೂಡ್ ಮೇಷ್ಟ್ರು:

ನಿಮ್ಮ ಪ್ರಶ್ನೆಗೇ ಜಾನ್ ಗಾರ್ಸಿಯಾ ಉತ್ತರ ಹುಡುಕಿದ್ದು. 1966ರ ಪ್ರಯೋಗ. ಇಲಿಗಳಿಗೆ ಸಿಹಿ ನೀರು ಕೊಟ್ಟರು, ಅದನ್ನು ನೆಕ್ಕಿದಾಗೆಲ್ಲ ದೀಪ ಮಿಂಚುತ್ತದೆ, ಟಿಕ್ ಅಂತ ಸದ್ದಾಗುತ್ತದೆ. ಅಂದರೆ ರುಚಿ, ಬೆಳಕು, ಸದ್ದು ಮೂರೂ ಒಟ್ಟಿಗೆ. ಆಮೇಲೆ ಕೆಲವಕ್ಕೆ ಹೊಟ್ಟೆ ತೊಳಸುವಂತೆ ಮಾಡಿದರು, ಕೆಲವಕ್ಕೆ ಕಾಲಿಗೆ ಶಾಕ್ ಕೊಟ್ಟರು. ಹೊಟ್ಟೆ ಕೆಟ್ಟವು ರುಚಿಯನ್ನು ಬಿಟ್ಟವು, ಬೆಳಕಿಗೂ ಸದ್ದಿಗೂ ಕ್ಯಾರೇ ಅನ್ನಲಿಲ್ಲ. ಶಾಕ್ ತಿಂದವು ಬೆಳಕಿಗೂ ಸದ್ದಿಗೂ ಹೆದರಿದವು, ಸಿಹಿ ನೀರನ್ನು ಆರಾಮಾಗಿ ಕುಡಿದವು. ಹೊಟ್ಟೆ ನೋವಿಗೆ ತಿಂದದ್ದೇ ಕಾರಣ ಅಂತ ಮೈ ಮೊದಲೇ ತೀರ್ಮಾನ ಮಾಡಿಕೊಂಡು ಕೂತಿರುತ್ತದೆ. ಒಂದೇ ಸಲಕ್ಕೆ ಕಲಿಯುತ್ತದೆ, ಗಂಟೆಗಟ್ಟಲೆ ಅಂತರ ಇದ್ದರೂ ಕಲಿಯುತ್ತದೆ. ವಿಷ ತಿಂದು ಬದುಕಿದ ಪ್ರಾಣಿಗೆ ಎರಡನೇ ಅವಕಾಶ ಸಿಗೋದು ಅಪರೂಪ, ಅದಕ್ಕೇ ಹೀಗೆ ಇರಬಹುದು. ಆಗ ಇದನ್ನು ನಂಬೋರೇ ಕಮ್ಮಿ ಇದ್ದರು, ಯಾಕೆಂದರೆ ಎರಡರ ನಡುವೆ ಕ್ಷಣಗಳ ಅಂತರ ಮಾತ್ರ ಇರಬೇಕು ಅನ್ನೋದು ಆಗಿನ ವೇದವಾಕ್ಯ.

ಡಾಕ್ಟರು ವೈರಲ್ ಅಂದದ್ದು ನಿಮ್ಮ ತಲೆಗೆ ಗೊತ್ತು, ಗಂಟಲಿಗೆ ಗೊತ್ತಿಲ್ಲ.

ಪಿಂಪ್ರಿ ನೈಟ್ ಶಿಫ್ಟ್:

ನಾನು ಪಿಂಪ್ರಿಯಲ್ಲಿ ಒಂದು ಫ್ಯಾಕ್ಟರಿಯಲ್ಲಿ ಇದ್ದೇನೆ, ಊರು ವಿಜಯಪುರ. ಎಲ್ಲರೂ ಭಯದ್ದೇ ಹೇಳುತ್ತಿದ್ದೀರಿ, ನನ್ನದು ಹಸಿವಿನದು. ನಮಗೆ ಗುರುವಾರ ರಜೆ. ಮೊದಲು ಡೇ ಶಿಫ್ಟಿನಲ್ಲಿದ್ದಾಗ 12.30ಕ್ಕೆ ಕ್ಯಾಂಟೀನ್ ಸೈರನ್. ಗುರುವಾರ ರೂಮಿನಲ್ಲಿ ಹನ್ನೊಂದೂವರೆಗೆ ಭರ್ತಿ ನಾಷ್ಟಾ ಮಾಡಿ ಮಲಗಿದ್ದರೂ, ಪಕ್ಕದ ಯಾವುದೋ ಕಂಪನಿ ಸೈರನ್ ಕೇಳಿದ ತಕ್ಷಣ ಬಾಯಲ್ಲಿ ನೀರು, ಹೊಟ್ಟೆ ಗುರ್ ಅನ್ನೋದು. ನಾನು ಪಾವ್ಲೋವ್ ನಾಯಿನೇ ಅಂತ ರೂಮ್‌ಮೇಟ್ ಆಡಿಕೊಳ್ಳುತ್ತಿದ್ದ. ಆಮೇಲೆ ನೈಟ್ ಶಿಫ್ಟಿಗೆ ಹಾಕಿದರು. ಮಧ್ಯಾಹ್ನದ ಸೈರನ್ ದಿನಾ ಕೇಳುತ್ತದೆ, ಊಟ ಇಲ್ಲ, ನಿದ್ದೆ. ಒಂದು ತಿಂಗಳಲ್ಲಿ ಸೈರನ್ ಆಗಿದ್ದೇ ಗೊತ್ತಾಗುತ್ತಿರಲಿಲ್ಲ. ಹಬ್ಬಕ್ಕೆ ಹದಿನೈದು ದಿನ ಊರಿಗೆ ಹೋಗಿ ಬಂದ ಮರುದಿನ ಮಧ್ಯಾಹ್ನ ಸೈರನ್ ಆಯಿತು ನೋಡಿ, ಗುರ್! ಆದರೆ ಎರಡೇ ದಿನ. ಮೂರನೇ ದಿನ ಮತ್ತೆ ಏನೂ ಇಲ್ಲ. ನನಗೆ ಆಗ ಆಶ್ಚರ್ಯ ಆಗಿತ್ತು, ಈಗ ಮೇಷ್ಟ್ರು ಹೇಳಿದ್ದು ಓದಿ ಸರಿಹೋಯಿತು.

ಕೊತ್ರೂಡ್ ಮೇಷ್ಟ್ರು:

ಬಹಳ ಚೆನ್ನಾಗಿದೆ. ಅಕ್ಕ, ಇವರ ಕೊನೆಯ ಎರಡು ಸಾಲು ನೀವು ಇನ್ನೊಂದು ಸಲ ಓದಿ. ವಾಪಸ್ ಬಂದದ್ದು ಮೊದಲಿಗಿಂತ ಬೇಗ ಹೋಯಿತು.

ಚುರುಮುರಿ:

ನಾನು ಸುಮ್ನೆ ರೈಸ್ ಕುಕ್ಕರ್ ಅಂತ ಹೇಳಿ ಹೋಗಿದ್ದೆ, ವಾಪಸ್ ಬಂದರೆ ಇಲ್ಲಿ ಕ್ಲಾಸೇ ನಡೀತಿದೆ. ಆದರೆ ನನಗೊಂದು ಒಪ್ಪಿಗೆಯಾಗುತ್ತಿಲ್ಲ ಮೇಷ್ಟ್ರೇ. ಅಕ್ಕ 19 ವರ್ಷ, ಅದಕ್ಕೆ ಮೊದಲು ತವರಿನಲ್ಲೂ ಸೇರಿಸಿ, ಸಾವಿರಾರು ಸಲ ಆ ಬುಸ್ ಕೇಳಿದ್ದಾರೆ. ಒಂದು ಸಲವೂ ಏನೂ ಆಗಿಲ್ಲ. ಸಾವಿರಾರು ಸಲ ಸೊನ್ನೆ, ಒಂದು ಸಲ ಢಂ. ಮೈ ಲೆಕ್ಕ ಹಾಕೋದಾದರೆ ಆ ಸೊನ್ನೆಗಳೆಲ್ಲ ಎಲ್ಲಿ ಹೋದವು? ನಿಮ್ಮ ಪ್ರಕಾರ ಅಕ್ಕ ಹೆದರಲೇಬಾರದಿತ್ತು.

ಇನ್ನೊಂದು, ಮಗುವಿನ ಮೇಲೆ ಇದನ್ನು ಮಾಡಿದ್ದರಲ್ಲ? ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ಕೊತ್ರೂಡ್ ಮೇಷ್ಟ್ರು:

ನೀವು ಕೇಳಿದ್ದು ಒಳ್ಳೇ ಪ್ರಶ್ನೆ, ಕ್ಲಾಸಿನಲ್ಲಿ ಕೇಳಿದ್ದಿದ್ದರೆ ಚಹಾ ಕೊಡಿಸುತ್ತಿದ್ದೆ. ಸೊನ್ನೆಗಳು ಎಲ್ಲೂ ಹೋಗೋದಿಲ್ಲ. ಮೊದಲೇ ಎಷ್ಟೋ ಸಲ ಸುಮ್ಮನೆ ಕೇಳಿ ರೂಢಿಯಾದ ಸದ್ದಿಗೆ ಆಮೇಲೆ ಭಯ ಅಂಟೋದು ನಿಧಾನ. 1959ರಲ್ಲಿ ಲೂಬೋ ಮತ್ತು ಮೂರ್ ಕುರಿ, ಮೇಕೆಗಳಲ್ಲಿ ತೋರಿಸಿದ್ದು ಇದನ್ನೇ. ಇಷ್ಟು ಜನರ ಮನೆಯಲ್ಲಿ ಕುಕ್ಕರ್ ಒಂದಲ್ಲ ಒಂದು ಸಲ ತೊಂದರೆ ಕೊಟ್ಟಿರುತ್ತದೆ, ಬಹಳ ಜನ ಮರುದಿನವೇ ಅನ್ನಕ್ಕಿಡುತ್ತಾರೆ. ಆದರೆ ಅಕ್ಕ ಬರೆದದ್ದನ್ನು ಮತ್ತೆ ನೋಡಿ. ಅವರು ಸಾವಿರಾರು ಸಲ ಕೇಳಿದ್ದು 'ಬುಸ್, ಆಮೇಲೆ ಕೂಗು'. ಆ ದಿನ ಕೇಳಿದ್ದು ಮುಗಿಯದ ಬುಸ್, ಕೂಗೇ ಇಲ್ಲದ ಬುಸ್. ಅದು ಹೊಸದು. ಅದಕ್ಕೆ ಹಿಂದೆ ಒಂದೂ ಸೊನ್ನೆ ಇರಲಿಲ್ಲ. ಜೊತೆಗೆ ಕೈ ಸುಟ್ಟಿದೆ, ಆಮೇಲೆ ಮೂರು ತಿಂಗಳು ಬಾಲ್ಕನಿಗೆ ಓಡಿದ್ದಾರೆ. ಓಡಿದಾಗ ಏನಾಗುತ್ತದೆ ಗೊತ್ತಾ, ಭಯ ತಕ್ಷಣ ಇಳಿಯುತ್ತದೆ, ಹಾಯೆನಿಸುತ್ತದೆ, ಆ ಹಾಯೇ ಮತ್ತೆ ಓಡಲು ಕೊಟ್ಟ ಬಹುಮಾನ. ಒಳಗೆ ಏನೂ ಆಗಲಿಲ್ಲ ಅನ್ನೋದನ್ನು ಕಣ್ಣಾರೆ ನೋಡೋ ಅವಕಾಶವೇ ಸಿಗೋದಿಲ್ಲ. ದಿನ ಕಳೆದರೆ ತಾನಾಗಿ ಹೋಗುತ್ತದೆ ಅನ್ನುತ್ತಾರಲ್ಲ, ಕಲಿತ ಭಯ ಸುಮ್ಮನೆ ದಿನ ಕಳೆದರೆ ಹೋಗೋದಿಲ್ಲ. ಎದುರಿಗೆ ನಿಂತು ಏನೂ ಆಗದಿದ್ದರೆ ಮಾತ್ರ ಕರಗುತ್ತದೆ.

ಮಗುವಿನ ಕತೆ ಇಷ್ಟ ಇಲ್ಲ ನನಗೆ, ಆದರೂ ಹೇಳುತ್ತೇನೆ. ಅಮೆರಿಕದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್, 1920. ಹನ್ನೊಂದು ತಿಂಗಳ ಕೂಸು. ಬಿಳಿ ಇಲಿ ಮುಟ್ಟಿದಾಗೆಲ್ಲ ಹಿಂದಿನಿಂದ ಕಬ್ಬಿಣದ ಸರಳಿಗೆ ಸುತ್ತಿಗೆಯಲ್ಲಿ ಬಡಿದರು. ಕೂಸು ಇಲಿಗೆ ಹೆದರಿತು, ಮೊಲಕ್ಕೂ ಹೆದರಿತು. ಆ ಭಯ ಬಿಡಿಸದೆಯೇ ಕೂಸನ್ನು ಕಳಿಸಿಬಿಟ್ಟರು. ಇವತ್ತು ಹೀಗೆ ಮಾಡಲು ಯಾರೂ ಒಪ್ಪೋದಿಲ್ಲ. ಅದಕ್ಕಿಂತ ಹೆಚ್ಚು ಹೆಸರಾಗಬೇಕಾಗಿದ್ದದ್ದು ಮೇರಿ ಕವರ್ ಜೋನ್ಸ್ ಅನ್ನೋ ಹೆಣ್ಣುಮಗಳು ಮಾಡಿದ ಕೆಲಸ, 1924ರದು. ಮೊಲಕ್ಕೆ ಹೆದರುವ ಪೀಟರ್ ಅನ್ನೋ ಪುಟ್ಟ ಹುಡುಗ. ಅವನು ಇಷ್ಟದ ತಿಂಡಿ ತಿನ್ನುತ್ತಾ ಇರುವಾಗ ಮೊಲವನ್ನು ಪಂಜರದಲ್ಲಿಟ್ಟು ದೂರದಲ್ಲಿ ತೋರಿಸಿದರು, ದಿನಾ ಸ್ವಲ್ಪ ಸ್ವಲ್ಪ ಹತ್ತಿರ ತಂದರು, ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಬಿಟ್ಟರು. ಕೊನೆಗೆ ಅವನೇ ಮೊಲವನ್ನು ಮುದ್ದು ಮಾಡುತ್ತಿದ್ದ. ಪುಸ್ತಕದಲ್ಲಿ ಹೆದರಿಸಿದವರಿಗೆ ಎರಡು ಪುಟ, ಭಯ ಬಿಡಿಸಿದವಳಿಗೆ ಎರಡು ಸಾಲು.

ಮಳೆಗಾಲ ಹತ್ತಿರ ಬರುತ್ತಿದೆ, ಮುಂಬೈಯವರಿಗೆ ಇದೂ ಹೇಳಿಬಿಡುತ್ತೇನೆ. 1924ರಲ್ಲೇ ಪಾವ್ಲೋವ್ ಇದ್ದ ಲೆನಿನ್‌ಗ್ರಾಡಿನಲ್ಲಿ ದೊಡ್ಡ ಪ್ರವಾಹ ಬಂತು. ಪಾವ್ಲೋವ್ ನಾಯಿಗಳ ಗೂಡಿಗೆ ನೀರು ನುಗ್ಗಿತು, ಅವು ಮೂಗು ಮಾತ್ರ ಮೇಲೆ ಇಟ್ಟುಕೊಂಡು ಈಜುತ್ತಿದ್ದವು, ಹೇಗೋ ಎಳೆದು ಹೊರಗೆ ತಂದರು. ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಮರೆತವು. ತಿಂಗಳುಗಟ್ಟಲೆ ಹಿಡಿದು ಮತ್ತೆ ಸರಿಯಾದವು. ಆಮೇಲೆ ಒಂದು ದಿನ ಪ್ರಯೋಗದ ಕೋಣೆಯ ಬಾಗಿಲ ಕೆಳಗೆ ಸ್ವಲ್ಪ ನೀರು ಹರಿಯುವಂತೆ ಮಾಡಿದರು. ಬರೀ ಒಂದು ಧಾರೆ. ನಾಯಿ ಮತ್ತೆ ಕೆಟ್ಟುಹೋಯಿತು.

ವಾಸ್ಕೋದ ಮರುವಾಯಿ:

ಆ ನಾಯಿ ಪಾಪ ಮಾರಾಯ್ರೇ. ಈಗ ಅಕ್ಕನಿಗೆ ಏನು ಮಾಡಲಿಕ್ಕೆ ಹೇಳುತ್ತೀರಿ ಅದು ಹೇಳಿ.

ಕೊತ್ರೂಡ್ ಮೇಷ್ಟ್ರು:

ರಾತ್ರಿ ನಿದ್ದೆ ಬರುತ್ತಿಲ್ಲ, ಆ ದಿನ ಕಣ್ಣೆದುರು ಮತ್ತೆ ಮತ್ತೆ ಬರುತ್ತಿದೆ ಅಂತಿದ್ದರೆ ಒಬ್ಬ ಸೈಕಾಲಜಿಸ್ಟ್ ಹತ್ತಿರ ಹೋಗಿ, ನನ್ನ ಮಾತು ಬಿಡಿ. ಇಲ್ಲ ಅಂದರೆ ಹೀಗೆ ಮಾಡಿ ನೋಡಿ. ಗಲ್ಲಾದವರು ಹೇಳಿದ ಹಾಗೆ ನಳಿಗೆ ನೋಡಿ, ಕುಕ್ಕರಿಗೆ ಬರೀ ಎರಡು ಲೋಟ ನೀರು ಹಾಕಿ ಇಡಿ. ಬುಸ್ ಶುರುವಾದ ಮೇಲೆ ಅಲ್ಲೇ ನಿಲ್ಲಿ, ಪರಾತ ಇಲ್ಲದೆ. ಕೂಗೋಕೆ ಮೊದಲೇ ಗ್ಯಾಸ್ ಆಫ್ ಮಾಡಿ. ಹೌದು, ಕೂಗಲು ಬಿಡಬೇಡಿ. ಕೂಗು ಬಂದರೆ ನಿಮ್ಮ ಮೈ 'ಓಹೋ, ಕೂಗಿತು, ಅದಕ್ಕೇ ಬಚಾವಾದೆ' ಅಂದುಕೊಳ್ಳುತ್ತದೆ. ಕೂಗೂ ಇಲ್ಲದೆ, ಢಂ ಕೂಡ ಇಲ್ಲದೆ ಆ ಬುಸ್ ಸುಮ್ಮನೆ ಇಳಿದು ಹೋಗೋದನ್ನು ಅದು ಕೇಳಬೇಕು. ಅದನ್ನು ಅದು ಇವತ್ತಿನ ತನಕ ಕೇಳೇ ಇಲ್ಲ. ಗ್ಯಾಸ್ ಹಚ್ಚುವ ಮೊದಲು 'ಇವತ್ತು ಸಿಡಿಯುತ್ತದೆ' ಅಂತ ಎಷ್ಟು ಅನಿಸುತ್ತಿದೆ, ನೂರಕ್ಕೆ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಆಮೇಲೆ ಏನಾಯಿತು ಅಂತಲೂ ಬರೆಯಿರಿ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಅಂತರ ಜಾಸ್ತಿ ಇದ್ದಷ್ಟು ಕಲಿಕೆ ಜಾಸ್ತಿ.

ಮತ್ತೆ ಒಂದೇ ಮನೆಯಲ್ಲಿ ಮಾಡಬೇಡಿ. ಪಕ್ಕದ ಮನೆ ಕುಕ್ಕರ್, ತಂಗಿ ಮನೆ ಕುಕ್ಕರ್, ಬೆಳಗ್ಗೆ, ರಾತ್ರಿ, ಯಜಮಾನರು ಇದ್ದಾಗ, ಇಲ್ಲದಾಗ. ಟ್ರೇನಿನದಕ್ಕೆ ಬೇರೆ ಏನೂ ಬೇಡ, ದಿನಾ ಎರಡು ಸಲ ಪುಕ್ಕಟೆ ಅಭ್ಯಾಸ ಆಗುತ್ತಿದೆ. ಕಿವಿಗೆ ಇಯರ್‌ಫೋನ್ ಮಾತ್ರ ಹಾಕಬೇಡಿ, ಅದು ಇನ್ನೊಂದು ಪರಾತ.

ಮಾಟುಂಗಾ ಗಲ್ಲಾ:

ಮೇಷ್ಟ್ರೇ, ನಮ್ಮಲ್ಲಿಗೆ ಬಂದರೆ ಚಹಾ ನನ್ನ ಲೆಕ್ಕ. ಅಕ್ಕ, ನೀವೂ ಬನ್ನಿ. ನಮ್ಮ ಕಿಚನ್‌ನಲ್ಲಿ ಬೆಳಗ್ಗೆ ಐದರಿಂದ ಇಡ್ಲಿ ಸ್ಟೀಮರ್ ಬುಸ್ ಅನ್ನುತ್ತಲೇ ಇರುತ್ತದೆ. ಅದು ಕೂಗೋದೇ ಇಲ್ಲ!

8.07ರ ಸ್ಲೋ ಲೋಕಲ್:

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಮೊದಲ ದಿನ ಚೀಟಿಯಲ್ಲಿ 70 ಅಂತ ಬರೆದೆ. ನೀರು ಮಾತ್ರ ಇದೆ, ಸೀಲಿಂಗಿಗೆ ಹಾರೋಕೆ ಬೇಳೆಯೇ ಇಲ್ಲ, ಆದರೂ 70. ಬುಸ್ ಶುರುವಾಯಿತು, ಕೈ ಎರಡೂ ಖಾಲಿ, ಎಲ್ಲಿಡಬೇಕು ಗೊತ್ತಾಗದೆ ಸೊಂಟದ ಮೇಲೆ ಇಟ್ಟುಕೊಂಡು ನಿಂತೆ. ಗ್ಯಾಸ್ ಆಫ್ ಮಾಡಿದ ಮೇಲೆ ಬುಸ್ ಸಣ್ಣಗಾಗುತ್ತಾ ಸಣ್ಣಗಾಗುತ್ತಾ, ಮಗು ನಿದ್ದೆಗೆ ಹೋಗುವಾಗ ಉಸಿರಾಡೋ ಹಾಗೆ, ನಿಂತಿತು. ಆ ಸದ್ದನ್ನು ನಾನು ಜನ್ಮದಲ್ಲಿ ಅಷ್ಟು ಗಮನ ಕೊಟ್ಟು ಕೇಳಿರಲಿಲ್ಲ. ಎರಡನೇ ವಾರಕ್ಕೆ 30 ಆಯಿತು, ಮೂರನೇ ವಾರ 10. ನಡುವೆ ಮೂರು ದಿನ ಜ್ವರ ಬಂದು ಮಲಗಿ ಎದ್ದಾಗ ಮತ್ತೆ 40 ಆಗಿ ಅಳು ಬಂತು. ಪಿಂಪ್ರಿ ತಮ್ಮನ ಎರಡು ದಿನದ ಗುರ್ ನೆನಪು ಮಾಡಿಕೊಂಡೆ. ನನಗೆ ನಾಲ್ಕು ದಿನ ಬೇಕಾಯಿತು. ಪಕ್ಕದ ಮನೆ ಮರಾಠಿ ಕಾಕೂಗೆ ಎಲ್ಲಾ ವಿವರಿಸಿ ಅವರ ಮನೆಯಲ್ಲೂ ಮಾಡಿದೆ. ಪಾಪ, ಏನೂ ಅರ್ಥ ಆಗದಿದ್ದರೂ ಸುಮ್ಮನೆ ಜೊತೆಗೆ ನಿಂತರು.

ಮೊನ್ನೆ ಶನಿವಾರ ತಂಗಿ ಮನೆಗೆ ಹೋದೆ. ಚೀಟಿ ಬರೆಯಲಿಲ್ಲ, ಮರೆತೆ. ಅವಳ ಹಳೇ ಕುಕ್ಕರ್ ಬುಸ್ ಅಂತು, ಭುಜ ಸ್ವಲ್ಪ ಏರಿತು, ಇಳಿಯಿತು. ನಾನೇ ಎದ್ದು ಹೋಗಿ ಆಫ್ ಮಾಡಿದೆ. ಅವಳು ಹಾಲಿನಿಂದ ಕೂಗಿದಳು, ಅಕ್ಕಾ ಇನ್ನೂ ಒಂದೂ ವಿಸಿಲ್ ಆಗಿಲ್ಲ, ಯಾಕೆ ಆಫ್ ಮಾಡಿದೆ ಅಂತ. ಅಭ್ಯಾಸಬಲ! ಮತ್ತೆ ಹಚ್ಚಿ ಮೂರು ವಿಸಿಲ್ ಕೂಗಿಸಿದೆ. ಆ ಗಡಿಬಿಡಿಯಲ್ಲಿ ಅನ್ನ ಮುದ್ದೆಯಾಗಿತ್ತು, ಚಿತ್ರಾನ್ನ ಮಾಡೋಣ ಅಂದುಕೊಂಡಿದ್ದು ಮೊಸರನ್ನ ಆಯಿತು.